ಹತ್ತರವರೆಗೆ ಎಣಿಸುವ ಅಜ್ಜ

ಸಮಿತಿಯ ಕಾರ್ಯದರ್ಶಿಗೆ ಆ ಸಂಜೆ ಅಧ್ಯಕ್ಷರ ಮೇಲೆ ಇನ್ನಿಲ್ಲದ ಸಿಟ್ಟು. ಹಲವು ದೇಶಗಳ ವ್ಯಾಪಾರ ಕಾನೂನನ್ನು ಒಂದು ಹದಕ್ಕೆ ತರಲು ಕೂತ ಸಮಿತಿ ಅದು. ಒಂದು ವಾಕ್ಯಕ್ಕಾಗಿ ಆರು ವರ್ಷ ತಲೆ ಚಚ್ಚಿಕೊಂಡಿತ್ತು: ಹಡಗಿನ ಸರಕಿನ ಒಡೆತನದ ಪತ್ರ ಕಂಪ್ಯೂಟರಿನಲ್ಲಿದ್ದರೂ ಕಾಗದದಷ್ಟೇ ಸಿಂಧು. ಇವತ್ತು ಒಪ್ಪಿಗೆಯಾಗದಿದ್ದರೆ ಮತ್ತೆ ಮೂರು ವರ್ಷ ಕಾಯಬೇಕು.

ಅವಳಿಗೆ ಅದು ಬರೀ ವಾಕ್ಯವಲ್ಲ. ತಂಗಿ ಹೊಟ್ಟೆ ಬಟ್ಟೆ ಕಟ್ಟಿ ಬೆಳೆಸಿದ ಹಣ್ಣಿನ ಸಸಿಗಳು, ಅಂಚೆಯಲ್ಲಿ ಬರಬೇಕಿದ್ದ ಒಡೆತನದ ಕಾಗದಕ್ಕೆ ಕಾದು ಬಂದರಿನಲ್ಲೇ ಒಣಗಿ ಕಡ್ಡಿಯಾಗಿದ್ದವು. ಇನ್ನೊಮ್ಮೆ ಹಾಗಾದರೆ ನರ್ಸರಿ ಮುಚ್ಚುತ್ತೇನೆ ಎಂದು ತಂಗಿ ಕಡ್ಡಿ ಮುರಿದಂತೆ ಹೇಳಿದ್ದಳು.

ಇಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಆಕ್ಷೇಪವಿದ್ದವರು ತಮ್ಮೆದುರಿನ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಯಾರೂ ನಿಲ್ಲಿಸದಿದ್ದರೆ ಅಧ್ಯಕ್ಷರು ಸುತ್ತಿಗೆ ಬಡಿಯುತ್ತಾರೆ. ಆದರೆ ಎಲ್ಲರೂ ಅಜ್ಜ ಎನ್ನುವ ಈ ಅಧ್ಯಕ್ಷರು, ಅನುವಾದ ಕೊನೆಯ ಕಿವಿಗೂ ಮುಟ್ಟಲೆಂದು ಮೊದಲು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರೆ. ಅಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದು ಎಂದು ಸದಸ್ಯರ ನಗೆಚಾಟಿಕೆ.

"ಬೇಗ ಬಡೀರಿ ಸಾರ್, ಆರಕ್ಕೆ ಅನುವಾದಕರು ಎದ್ದು ಹೋಗ್ತಾರೆ," ಎಂದು ಅವಳು ಪಿಸುಗುಟ್ಟಿದಳು. ವಾಕ್ಯ ಓದಿ ಎಣಿಸತೊಡಗಿದ್ದ ಅಜ್ಜ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣಿಕೆಯ ಲೆಕ್ಕಕ್ಕೆ ಅವರ ಬೆರಳು ಎಂಟನೇ ಸಲ ಮೇಜು ಮುಟ್ಟಿದಾಗ ಮೂಲೆಯ ವಕೀಲೆಯ ಫಲಕ ಎದ್ದಿತು.

"ಪತ್ರ ಒಂದು ಹೊತ್ತಿಗೆ ಒಬ್ಬರ ಹಿಡಿತದಲ್ಲೇ ಇರಬೇಕು ಅಂತ ನಿನ್ನೆ ಇತ್ತು. ಇವತ್ತಿನ ಪ್ರತಿಯಲ್ಲಿ ಇಲ್ಲ. ಹತ್ತು ಜನ ನಕಲು ಹಿಡ್ಕೊಂಡು ಬಂದ್ರೆ ಸರಕು ಯಾರಿಗೆ ಕೊಡೋದು?"

ಶುದ್ಧ ಪ್ರತಿ ಮಾಡಿದ್ದು ಕಾರ್ಯದರ್ಶಿಯೇ. ಬೆಳಿಗ್ಗೆ ಹೊಡೆದುಹಾಕಿದ ಸಾಲುಗಳನ್ನು ಅಳಿಸುವ ಭರದಲ್ಲಿ ಅದನ್ನೂ ಅಳಿಸಿದ್ದಳು. ಅಜ್ಜ ಅವಸರಪಟ್ಟಿದ್ದರೆ ತಂಗಿಯ ಸಸಿಗಳನ್ನು ಯಾವನೋ ಕಳ್ಳ ನಕಲು ತೋರಿಸಿ ಕಾನೂನುಬದ್ಧವಾಗಿಯೇ ಹೊತ್ತೊಯ್ಯುತ್ತಿದ್ದ. ತಪ್ಪು ತನ್ನದೆಂದು ಅವಳು ಎದ್ದು ಹೇಳಿದಳು. ನಾಚಿಕೆಯಿಂದ ಭೂಮಿಗಿಳಿದು ಹೋದಳು. ಅಜ್ಜ ಗದರದೆ ಪೆನ್ನು ತೆರೆದರು. ಬಿಟ್ಟ ಮಾತನ್ನು ಸೇರಿಸಿ, ವಾಕ್ಯವನ್ನು ಮೊದಲಿನಿಂದ ಓದಿದರು. ಎಂಥ ಮನುಷ್ಯನಪ್ಪಾ ಎನಿಸಿತು ಅವಳಿಗೆ.

ಆರಕ್ಕೆ ಒಂದೇ ನಿಮಿಷವಿತ್ತು. ಅಜ್ಜ ಮತ್ತೆ ಎಣಿಸತೊಡಗಿದರು, ಈ ಸಲ ಅವಳೂ ಎಣಿಸಿದಳು. ಹತ್ತಾಯಿತು. ಸುತ್ತಿಗೆ ಮೇಲೆದ್ದಿತು.

ಅವಳು ಅವರ ತೋಳು ಹಿಡಿದಳು.

"ತಡೀರಿ ಸಾರ್. ಹಿಂದಿನ ಸಾಲಿನವರು ಇನ್ನೂ ಅನುವಾದ ಕೇಳಿಸ್ಕೋತಾ ಇದಾರೆ."