ಸೆಮಿನಾರ್ ಹಾಲಿಗೆ ಬಂದ ಮುಯ್ಯಿ

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ, ಉದ್ದನಪಲ್ಲಿ ಇನ್ನೂ ಸ್ವಲ್ಪ ದೂರ ಇರುವಾಗಲೇ ಎಡಗಡೆ ಒಂದು ವಿಶ್ವವಿದ್ಯಾಲಯ ಸಿಗುತ್ತದೆ. ಕಟ್ಟಿ ಹೆಚ್ಚು ವರ್ಷವಾಗಿಲ್ಲ, ಗೋಡೆಗಳ ಬಣ್ಣ ಇನ್ನೂ ಹಾಗೇ ಇದೆ. ಅದರ ಸೆಮಿನಾರ್ ಹಾಲಂತೂ ಮದುವೆ ಛತ್ರದಷ್ಟು ದೊಡ್ಡದು. ಎಸಿ ಇದೆ, ಮೆತ್ತನೆಯ ಕುರ್ಚಿಗಳಿವೆ, ಗೋಡೆಯಗಲದ ಪರದೆ ಇದೆ. ಕೂರುವುದಕ್ಕೆ ಜನ ಮಾತ್ರ ಇರುತ್ತಿರಲಿಲ್ಲ.

ಈ ಕೊರತೆ ಹೆಚ್ಚಾಗಿ ಕಾಡುತ್ತಿದ್ದದ್ದು ಕೋಮಲಾಳನ್ನು. ತುಮಕೂರಿನ ಹುಡುಗಿ, ಗಂಡ ಭೈರೇಶನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಾದ್ದರಿಂದ ಈ ಕಡೆ ಬಂದು, ಇಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಯಾರಿಗೂ ಬೇಡವಾದ ಕೆಲಸವೊಂದು ಅವಳ ಪಾಲಿಗೆ ಬಂದಿತ್ತು. ತಿಂಗಳಿಗೊಂದು ಶನಿವಾರ ಸಾರ್ವಜನಿಕ ಉಪನ್ಯಾಸ ಏರ್ಪಡಿಸಬೇಕು, ಅದರ ಜೊತೆಗೆ ಒಂದು ಸಿನಿಮಾ ತೋರಿಸಬೇಕು. ಬೇಡದ ಕೆಲಸ ಅವಳಿಗೆ ಬಹಳ ಇಷ್ಟವಾಗಿಬಿಟ್ಟಿತು. ಗುರುತು ಪರಿಚಯ ಇಲ್ಲದ ಊರಿನಲ್ಲಿ ತಿಂಗಳೆಲ್ಲ ಕಾಯುವಂಥ ದಿನ ಅವಳಿಗೆ ಅದೊಂದೇ ಆಗಿತ್ತು.

ಆದರೆ ಸಾರ್ವಜನಿಕರು ಬರಬೇಕಲ್ಲ. ಪಕ್ಷಿಗಳ ಬಗ್ಗೆ ಮಾತಾಡಲು ಬಂದವರ ಎದುರಿಗೆ ಹಾಜರಿಗಾಗಿ ಬಂದ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರು. ಧರ್ಮಪುರಿಯಿಂದ ಬಂದ ನಾಟಕದವರು ಮಾತಾಡಿದ್ದು ಕೋಮಲಾ, ಅಟೆಂಡರ್ ಮುನಿಲಕ್ಷ್ಮಿ ಮತ್ತು ಮೈಕಿನವನ ಮುಂದೆ. ಮಾತು ಮುಗಿದ ಮೇಲೆ ಅತಿಥಿಗಳನ್ನು ಕಾರಿನವರೆಗೆ ಬಿಟ್ಟು ಬರುವಾಗ ಖಾಲಿ ಹಾಲಿನ ಮಾತು ಬರದಿರಲಿ ಎಂದು ಕೋಮಲಾ ದಾರಿಯುದ್ದಕ್ಕೂ ಗಿಡಗಳ ಹೆಸರು ಹೇಳುತ್ತಿದ್ದಳು.

ಕೊನೆಗೆ ಒಂದು ದಿನ ಡೀನ್ ಸುಬ್ರಮಣಿಯವರು ಅವಳನ್ನು ಕರೆಸಿದರು. ಕೃಷ್ಣಗಿರಿಯವರು, ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು, ಹೊಸೂರು ಮಾರ್ಕೆಟ್ಟಿನಲ್ಲಿ ಕಲಿತ ಕನ್ನಡ. ಕೆಟ್ಟ ಮನುಷ್ಯರೇನಲ್ಲ. ಕೆಲಸ ಕೊಡಿಸುವ ತರಬೇತಿಯವರು ಎಲ್ಲ ಶನಿವಾರವೂ ಹಾಲ್ ಬೇಕೆಂದು ಕೇಳುತ್ತಿದ್ದಾರೆ, ಖಾಲಿ ಕುರ್ಚಿಗೆ ಎಸಿ ಹಾಕಿ ಎಷ್ಟು ದಿನ ಇರೋದಮ್ಮ, ಅಂದರು. ಈ ಸಲ ಅರ್ಧ ಹಾಲಾದರೂ ತುಂಬಿದರೆ ನೋಡೋಣ, ಇಲ್ಲದಿದ್ದರೆ ಇದೇ ಕೊನೆಯದು. ತರಬೇತಿಯವರಿಗೆ ಶನಿವಾರವೇ ಉತ್ತರ ಹೇಳುವುದಾಗಿ ಮಾತು ಕೊಟ್ಟಿದ್ದೇನೆ ಅಂತಲೂ ಹೇಳಿದರು.

ಈ ಸಲದ ಅತಿಥಿ ಕೋಲಾರದ ಚನ್ನಕೇಶವ, ನಿವೃತ್ತ ಮೇಷ್ಟ್ರು. ಹಳ್ಳಿಗಳಲ್ಲಿ ಹಿಂದೆ ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುತ್ತಿದ್ದರಲ್ಲ, ಆ ಹಗೇವುಗಳನ್ನು ಹುಡುಕಿಕೊಂಡು ಆಯಸ್ಸೆಲ್ಲ ಸುತ್ತಿದವರು. ಶಿಷ್ಯರನ್ನು ಕಟ್ಟಿಕೊಂಡು ಅದರ ಮೇಲೆ ಒಂದು ಚಿಕ್ಕ ಸಿನಿಮಾ ಕೂಡ ತೆಗೆದಿದ್ದರು. ಫೋನಿನಲ್ಲಿ ಅವರು, ನಾಲ್ಕು ಜನ ಬಂದರೂ ಸಾಕಮ್ಮ, ನನಗೆ ಅಭ್ಯಾಸ ಇದೆ, ಅಂದರು.

ಕೋಮಲಾ ಮೂರು ಭಾಷೆಯಲ್ಲಿ ಪೋಸ್ಟರ್ ಬರೆಸಿ ಗೇಟಿನಿಂದ ಬಸ್ ಸ್ಟಾಪಿನವರೆಗೂ ಅಂಟಿಸಿಕೊಂಡು ಬಂದಳು. ಮೈದಾಹಿಟ್ಟಿನ ಅಂಟಿನಲ್ಲಿ ಕೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದವಳಿಗೆ ಮುನಿಲಕ್ಷ್ಮಿ ಒಂದು ಚೊಂಬು ನೀರು ತಂದುಕೊಟ್ಟಳು. ಉದ್ದನಪಲ್ಲಿಯವಳು, ಮೂರು ಭಾಷೆಯಲ್ಲೂ ಬಾಯಿ ಜೋರು.

"ಯಾರ್ನ ಕರೆದ್ರಿ ಮೇಡಂ?" ಅಂದಳು.

"ಎಲ್ಲರನ್ನೂ. ನೋಡು, ಎಷ್ಟೊಂದು ಕಡೆ ಅಂಟಿಸಿದೀನಿ."

"ಗೋಡೇನ ಕರೆದ್ರೆ ಗೋಡೆನೇ ಬತ್ತದೆ. ನಮ್ ಕಡೆ ಮನೆ ಬಾಗ್ಲಿಗೆ ಹೋಗಿ ಕುಂಕುಮ ಇಟ್ಟು ಕರೀದಿದ್ರೆ ಅಣ್ಣನ ಮನೆಗೆ ತಂಗೀನೂ ಹೋಗಕ್ಕಿಲ್ಲ."

ಅಲ್ಲಿಂದ ಶುರುವಾಯಿತು. ಸಂಜೆ ಕ್ಲಾಸು ಮುಗಿಯುತ್ತಲೇ ಕೋಮಲಾ ಸ್ಕೂಟರ್ ತೆಗೆಯುವಳು, ಹಿಂದೆ ಮುನಿಲಕ್ಷ್ಮಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕೂರುವಳು. ಉದ್ದನಪಲ್ಲಿಯ ಬೀದಿಗಳೆಲ್ಲ ಆದವು, ಅಕ್ಕಪಕ್ಕದ ಹಳ್ಳಿಗಳೂ ಆದವು. ಭಾನುವಾರ ಭೈರೇಶನೂ ಬೈಕಿನಲ್ಲಿ ಜೊತೆಗೆ ಬಂದು, ಗಂಡಸರನ್ನು ಕರೆಯುವುದಕ್ಕೆ ಒಬ್ಬ ಗಂಡಸು ಬೇಕು ಎಂದು ಜಗಲಿಗಳ ಮೇಲೆ ಕೂತು ಮಾತಾಡಿದ. ಮುನಿಲಕ್ಷ್ಮಿಯ ದೊಡ್ಡಮ್ಮ ನರಸಮ್ಮ ಇದ್ದದ್ದು ಅಷ್ಟು ದೂರದ ಗುಮ್ಮಳಾಪುರದಲ್ಲಿ. ಅವಳೊಬ್ಬಳನ್ನು ಒಪ್ಪಿಸಿದರೆ ಒಂದು ಟೆಂಪೋ ಜನ ಬಂದ ಹಾಗೆ ಎಂದು ಅಲ್ಲಿಗೂ ಹೋದರು.

ಪ್ರತಿ ಬಾಗಿಲಿನಲ್ಲೂ ಆ ಮನೆಯ ಭಾಷೆ ಯಾವುದೋ ಆ ಭಾಷೆಯಲ್ಲಿ ಮುನಿಲಕ್ಷ್ಮಿ ಒಂದೇ ಮಾತು ಹೇಳುತ್ತಿದ್ದಳು. ಯೂನಿವರ್ಸಿಟಿಯಲ್ಲಿ ದೊಡ್ಡವರ ಮಾತಿದೆ, ಹಗೇವಿನ ಸಿನಿಮಾ ಇದೆ, ಶನಿವಾರ ಬೆಳಿಗ್ಗೆ ಮನೆಯವರೆಲ್ಲ ಬರಬೇಕು. ಕೋಮಲಾ ಕುಂಕುಮ ಕೊಡುತ್ತಿದ್ದಳು. ಕೆಲವು ಹೆಂಗಸರು ತಾವು ಇಟ್ಟುಕೊಂಡು ಅವಳ ಹಣೆಗೂ ಇಟ್ಟರು. ಒಬ್ಬರು ಬಿಸಿಲಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ಕೊಟ್ಟರು. ಇನ್ನೊಬ್ಬರು ಮುಡಿಯಲ್ಲಿದ್ದ ಗುಲಾಬಿಯನ್ನೇ ತೆಗೆದು ಮುಡಿಸಿದರು. ಈ ಊರಿಗೆ ಬಂದು ಇಷ್ಟು ದಿನವಾದರೂ ಇಷ್ಟು ಮನೆಗಳ ಒಳಗನ್ನು ಅವಳು ನೋಡಿರಲಿಲ್ಲ.

ಶನಿವಾರ ಚನ್ನಕೇಶವ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಹಾಲ್ ಖಾಲಿ ಇತ್ತು. ಅವರು ಅಭ್ಯಾಸದಂತೆ ಮುಂದಿನ ಸಾಲಿನಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ಎಸಿ ಗಾಳಿ ನೇರ ಅವರ ತಲೆಗೆ ಬೀಳುವುದನ್ನು ಕಂಡ ಮುನಿಲಕ್ಷ್ಮಿ ಅವರ ಚೀಲವನ್ನು ಎತ್ತಿ ಎರಡು ಕುರ್ಚಿ ಆಚೆ ಇಟ್ಟಳು. ಅವರೂ ಚೀಲದ ಹಿಂದೆಯೇ ಹೋಗಿ ಕೂತರು. ಡೀನ್ ಒಮ್ಮೆ ಇಣುಕಿ, ಗಡಿಯಾರ ನೋಡಿಕೊಂಡು ಹೋದರು. ಕೋಮಲಾ ಬಾಗಿಲಿಗೂ ಮೆಟ್ಟಿಲಿಗೂ ಓಡಾಡುತ್ತಿದ್ದಳು.

ಆಗ ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ಒಂದು ಟೆಂಪೋ ಬಂತು, ಹಿಂದೆಯೇ ಇನ್ನೊಂದು. ಆಮೇಲೆ ಆಟೋಗಳು, ಬೈಕುಗಳು. ಇಳಿದವರನ್ನು ನೋಡಿ ವಾಚ್‌ಮನ್ ಎದ್ದು ನಿಂತ. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು, ಗಂಡಸರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿದ್ದರು, ಮಕ್ಕಳಿಗೆ ಕಾಡಿಗೆ ಇಟ್ಟಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಚೀಲ. ದೂರದಿಂದ ಬಂದವರು, ದಾರಿಗೆ ಏನೋ ತಂದುಕೊಂಡಿರಬೇಕು ಅಂದುಕೊಂಡಳು ಕೋಮಲಾ. ಹಾಲ್ ಅರ್ಧವಲ್ಲ, ಪೂರ್ತಿ ತುಂಬಿತು. ಗದ್ದಲ ಕೇಳಿ ಹಾಸ್ಟೆಲಿನಿಂದ ಬಂದ ಹುಡುಗರು ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತರು.

ಚನ್ನಕೇಶವ ಬರೆದುಕೊಂಡು ಬಂದಿದ್ದನ್ನು ಮಡಚಿ ಜೇಬಿಗೆ ಹಾಕಿ, ಬಾಯಿಮಾತಿನಲ್ಲೇ ಶುರು ಮಾಡಿದರು. ಸಿನಿಮಾ ನಡೆಯುವಾಗ ಯಾರೂ ಸುಮ್ಮನೆ ಕೂತಿರಲಿಲ್ಲ. ಹಗೇವಿನೊಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ದೀಪ ಇಳಿಬಿಟ್ಟಾಗ ಇಡೀ ಹಾಲ್ ಉಸಿರು ಹಿಡಿಯಿತು, ದೀಪ ಆರದೆ ಉಳಿದಾಗ ಸದ್ಯ ಅಂದಿತು. ಮುನಿವೆಂಕಟಪ್ಪ ಎಂಬ ಹಿರಿಯರು ಎದ್ದು ನಿಂತು, ತಮ್ಮ ಮನೆ ಮುಂದೆಯೂ ಒಂದು ಹಗೇವು ಇದೆ, ಈಗ ಅದರ ಮೇಲೆ ಮೊಮ್ಮಗಳ ಸ್ಕೂಟಿ ನಿಲ್ಲುತ್ತದೆ ಎಂದು ತಿಳಿಸಿ ಕೂತರು. ಮೇಷ್ಟ್ರು ಮಾತು ಮುಗಿಸಿ, ನೀರು ಕುಡಿದು ಕೂತರು.

ವಂದನಾರ್ಪಣೆ ಆಯಿತು. ಆದರೆ ಯಾರೂ ಬಾಗಿಲ ಕಡೆ ಹೋಗಲಿಲ್ಲ. ಮೊದಲ ಸಾಲಿನಿಂದ ಗುಮ್ಮಳಾಪುರದ ನರಸಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು, ಚೀಲ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಅವಳ ಹಿಂದೆ ಸಾಲು ಬೆಳೆಯಿತು. ಹಾಲ್ ತುಂಬಿದ್ದು ಕಂಡು ಬಂದಿದ್ದ ಡೀನ್ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ನಡುವೆ ಕೂತವರೇ ಮನೆಯ ಯಜಮಾನರಲ್ಲವೇ. ಅವಳು ಚೀಲದಿಂದ ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ, ಒಂದು ಟವೆಲು ತೆಗೆದು ಅವರ ಮುಂದೆ ಹಿಡಿದಳು. ಅವರು ಗಾಬರಿಯಾಗಿ, ಇಲ್ಲಮ್ಮ, ನಮ್ಮಲ್ಲಿ ರೂಲ್ಸ್ ಇದೆ, ಎನ್ನಲು ಹೋದರು.

"ಹಿಡ್ಕಳಿ ಸ್ವಾಮಿ, ಕೈ ನೋಯ್ತದೆ," ಅಂದಳು ನರಸಮ್ಮ.

ಅವರು ಹಿಡಿದುಕೊಂಡರು. ಅವಳು ಪಕ್ಕಕ್ಕೆ ತಿರುಗಿ ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಳು. ಫೋಟೋ ತೆಗೆಯಲು ನಿಂತಿದ್ದ ವಿದ್ಯಾರ್ಥಿನಿ ಒಂದು ಗಳಿಗೆ ಕಣ್ಣು ಬಿಟ್ಟಳು, ಆಮೇಲೆ ಅರ್ಥವಾಗಿ ಕ್ಲಿಕ್ಕಿಸಿದಳು. ಮುಂದಿನವರು ಸ್ಟೀಲ್ ಚೊಂಬು ಕೊಟ್ಟರು. ಅವರ ಹಿಂದಿನವರು ಮೇಷ್ಟ್ರ ಹೆಂಡತಿಗೆ ಎಂದು ರವಿಕೆ ಕಣ ಕೊಟ್ಟರು. ಒಂದು ಬುಟ್ಟಿ ಗುಲಾಬಿ ಬಂತು. ಇಬ್ಬರು ಸೇರಿ ಹೊತ್ತು ತಂದ ಹಲಸಿನಹಣ್ಣನ್ನು ಡೀನ್ ತೊಡೆಯ ಮೇಲೆ ಇಡಲು ನೋಡಿದರು, ಅವರು ಕಾಲು ಒಳಗೆಳೆದುಕೊಂಡದ್ದರಿಂದ ನೆಲಕ್ಕಿಟ್ಟರು. ಒಬ್ಬೊಬ್ಬರೂ ಫೋಟೋ ಆಗುವವರೆಗೆ ಅಲುಗಲಿಲ್ಲ.

ಕೋಮಲಾ ಮುನಿಲಕ್ಷ್ಮಿಯನ್ನು ಪರದೆಯ ಮರೆಗೆ ಎಳೆದು ಇದೆಲ್ಲ ಏನು ಎಂದು ಕೇಳಿದಳು.

"ಮುಯ್ಯಿ ಮೇಡಂ. ಕುಂಕುಮ ಇಟ್ಟು ಕರೆದ್ರಲ್ಲ, ಬರಿ ಕೈಲಿ ಬತ್ತಾರಾ? ಊಟಕ್ಕೆ ಯಾವ್ ಕಡೆ ಕಳಿಸ್ಲಿ?"

ಕ್ಯಾಂಟೀನಿಗೆ ಕೋಮಲಾ ಹೇಳಿದ್ದು ಟೀ, ಬಿಸ್ಕತ್ತು, ಅದೂ ಅರ್ಧ ಹಾಲಿನ ಲೆಕ್ಕಕ್ಕೆ. ಶನಿವಾರ ಮಧ್ಯಾಹ್ನಕ್ಕೆ ಅಡುಗೆಯವರು ಒಲೆ ಆರಿಸಿ ಹೋಗುತ್ತಾರೆ. ಇಷ್ಟು ದೊಡ್ಡ ಯೂನಿವರ್ಸಿಟಿ ಕರೆದು ಊಟ ಹಾಕದೆ ಇರುತ್ತದೆ ಎಂದು ಮುನಿಲಕ್ಷ್ಮಿಗೆ ಕನಸಿನಲ್ಲೂ ಬಂದಿರಲಿಲ್ಲ.

ತುಮಕೂರಿನಲ್ಲಿ ಕೋಮಲಾಳ ಸೋದರತ್ತೆ, ಯಾವ ಕಾಲದಲ್ಲೋ ಕರೆದು ಊಟವಿಲ್ಲದೆ ಕಳಿಸಿದ ಮನೆಯೊಂದರ ಹೆಸರನ್ನು ಇವತ್ತಿಗೂ ಎತ್ತುತ್ತಾಳೆ. ಈ ಜನ ಹಸಿದು ಹಿಂತಿರುಗಿದರೆ ಮುಂದಿನ ತಿಂಗಳು ಯಾರು ಬರುತ್ತಾರೆ? ಡೀನ್ ಹಾಲ್ ಉಳಿಸಿಕೊಟ್ಟರೂ ಅದು ಖಾಲಿ ಬೀಳುತ್ತದೆ. ಅದಕ್ಕಿಂತಲೂ, ಮಜ್ಜಿಗೆ ಕೊಟ್ಟ ಆ ಮನೆಗಳ ಮುಂದೆ ಇನ್ನು ಯಾವ ಮುಖ ಇಟ್ಟುಕೊಂಡು ಹಾಯುವುದು? ಅಷ್ಟರಲ್ಲಿ ಕೆಲವರು ಕೈ ತೊಳೆಯುವ ಜಾಗ ಎಲ್ಲಿ ಎಂದು ಹುಡುಕುತ್ತಿದ್ದರು.

ಅವಳ ಮುಖ ನೋಡಿ ನರಸಮ್ಮ ಹತ್ತಿರ ಬಂದಳು.

"ಯಾಕ್ ಮಗಳೇ, ಮೊಕ ಹಿಂಗೈತೆ?"

"ಅಜ್ಜಿ, ಊಟಕ್ಕೆ ಏನೂ ಮಾಡಿಸಿಲ್ಲ. ನನಗೆ ಹೊಳೀಲೇ ಇಲ್ಲ."

ಬೈಯುತ್ತಾಳೆ ಎಂದು ಕೋಮಲಾ ತಲೆ ತಗ್ಗಿಸಿದಳು. ಆದರೆ ನರಸಮ್ಮ ಜನರ ಕಡೆ ತಿರುಗಿ, ಮೈಕೇ ಬೇಡದ ದನಿಯಲ್ಲಿ, ನಾನಂತೂ ಬೆಳಗ್ಗೆ ಎರಡು ಮುದ್ದೆ ತಿಂದು ಬಂದಿದ್ದೇನೆ, ಹೊಟ್ಟೆಯಲ್ಲಿ ಜಾಗ ಇಲ್ಲ, ನಿಮ್ಮಲ್ಲಿ ಯಾರಿಗಾದರೂ ಹಸಿವಾ ಎಂದು ಕೇಳಿದಳು. ಮೊದಲು ಮುನಿವೆಂಕಟಪ್ಪ ತಮ್ಮದೂ ಊಟ ಆಗಿದೆ ಅಂದರು. ಅವರ ಹಿಂದೆ ಕೂತಿದ್ದವರು ತಾವೂ ತಿಂದೇ ಬಂದದ್ದು ಅಂದರು. ನೋಡನೋಡುತ್ತ ಇಡೀ ಹಾಲಿನಲ್ಲಿ ಊಟವಾಗದವರೇ ಇಲ್ಲದಂತಾಯಿತು. ಗುಮ್ಮಳಾಪುರದ ಟೆಂಪೋ ಹೊತ್ತು ಹುಟ್ಟುವಾಗಲೇ ಹೊರಟಿತ್ತು, ಆ ಹೊತ್ತಿಗೆ ಯಾರ ಮನೆಯಲ್ಲೂ ಮುದ್ದೆ ಆಗಿರುವುದಿಲ್ಲ. ಅದು ಕೋಮಲಾಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಸುಮ್ನೆ ಬಾಯಾಡ್ಸಕ್ಕೆ ಹಣ್ಣೈತಲ್ಲ, ಕಾಯೈತಲ್ಲ," ಎಂದು ನರಸಮ್ಮ ವೇದಿಕೆ ತೋರಿಸಿದಳು.

ಕೊಟ್ಟ ಮುಯ್ಯಿಯನ್ನು ಕೊಟ್ಟವರೇ ತಿನ್ನುವುದಾ ಎಂದು ಹಿಂದಿನಿಂದ ಯಾರೋ ರೇಗಿಸಿದರು.

"ಕೊಟ್ಟಾಯ್ತು, ಪೋಟೋನೂ ಆಯ್ತು. ಈಗದು ಡೀನ್ ಸ್ವಾಮಿದು ಕಣ್ಲಾ. ಅವ್ರು ನಮ್ಗೆ ಹಾಕ್ತಾವ್ರೆ."

ಡೀನ್ ಸುಬ್ರಮಣಿ ಹೂಂ ಅಂದರು. ಅಷ್ಟು ಸಾಕಾಯಿತು. ಹಾಸ್ಟೆಲ್ ಹುಡುಗರು ಓಡಿಹೋಗಿ ಮಚ್ಚು, ಎಣ್ಣೆ, ಹಳೆ ಪೇಪರು ತಂದರು. ಮೆಟ್ಟಿಲ ಅಂಚಿನಲ್ಲಿ ಕಾಯಿ ಒಡೆಯುವ ಸದ್ದಾಯಿತು. ಬೀಗ ಹಾಕಿಕೊಂಡು ಮನೆಗೆ ಹೊರಟಿದ್ದ ಕ್ಯಾಂಟೀನಿನ ಚಲಪತಿ ಗೇಟಿನಿಂದ ವಾಪಸ್ ಬಂದು, ಯಾರೂ ಕೇಳದಿದ್ದರೂ, ಇದ್ದ ಕಡಲೆಪುರಿಯನ್ನೆಲ್ಲ ಸುರಿದು ಈರುಳ್ಳಿ, ಕಾಯಿತುರಿ ಕಲಸಿ ದೊಡ್ಡ ಬೇಸನ್ನಿನಲ್ಲಿ ತಂದಿಟ್ಟ. ಗುಲಾಬಿ ಬುಟ್ಟಿ ಹಾಸ್ಟೆಲ್ ಹುಡುಗಿಯರ ಮುಡಿಗೆ ಹಂಚಿಹೋಯಿತು. ಚನ್ನಕೇಶವ ಮೇಷ್ಟ್ರು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಸುತ್ತ ಕೂತವರು ಹಲಸಿನ ತೊಳೆ ಬಿಡಿಸಿಕೊಡುತ್ತ, ನಮ್ಮೂರಿಗೆ ಯಾವಾಗ ಬರುತ್ತೀರಿ, ನಮ್ಮ ಹಗೇವು ಏನು ಸಣ್ಣದಾ ಎಂದು ಜಗಳಕ್ಕೇ ನಿಂತಿದ್ದರು.

ಕೋಮಲಾ ತಟ್ಟೆ ಹಿಡಿದು ಸಾಲು ಸಾಲಿಗೂ ಹೋಗಿ ಬಡಿಸಿದಳು. ತಿಂದು ಬಂದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರು.

ಕೈ ಒರೆಸಿಕೊಂಡು ನರಸಮ್ಮ ಡೀನ್ ಪಕ್ಕದ ಕುರ್ಚಿಯಲ್ಲಿ ಕೂತಳು. "ಅಲ್ಲಾ ಸ್ವಾಮಿ, ಮುಯ್ಯಿ ತಗೊಂಡ್ರಿ. ತೀರ್ಸೋದು ಯಾವಾಗ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮುನಿಲಕ್ಷ್ಮಿ ತಮಿಳಿನಲ್ಲಿ ಮೊಯ್ ಸಾರ್, ಮೊಯ್, ಅಂದಳು. ಆ ಮಾತು ಅವರಿಗೆ ಚೆನ್ನಾಗಿ ತಿಳಿದಿತ್ತು. ಕೃಷ್ಣಗಿರಿಯಲ್ಲಿ ಅವರ ಬಳಗದಲ್ಲೂ ಅಷ್ಟೇ, ಮೊಯ್ ತೆಗೆದುಕೊಂಡು ತಿರುಗಿ ಮಾಡದವರ ಮನೆಗೆ ಯಾರೂ ಕಾಲಿಡುವುದಿಲ್ಲ. ಇವರೋ ಒಂದು ಹಾಲ್ ಜನರಿಂದ, ಒಬ್ಬೊಬ್ಬರ ಜೊತೆಗೂ ಫೋಟೋ ತೆಗೆಸಿಕೊಂಡು ಪಡೆದಿದ್ದರು. ಅವರು ಕಾಯಿಚೂರು ಅಗಿಯುತ್ತ ಹಾಲಿನ ಉದ್ದಗಲ ನೋಡಿದರು. ಕುರ್ಚಿಗಳಲ್ಲಿ ಮಕ್ಕಳು ಮಲಗಿದ್ದವು.

"ಬರೋ ತಿಂಗಳು," ಅಂದರು. "ಶನಿವಾರ."

"ನೀವೇ ಬಂದು ಕರೀಬೇಕು ಮತ್ತೆ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕೈಯೆಲ್ಲ ಹಲಸಿನ ಅಂಟು. ಕೋಮಲಾ ಫೋನ್ ಎತ್ತಿ ಅವರ ಕಿವಿಗೆ ಹಿಡಿದಳು. ತರಬೇತಿಯವರು, ಏನು ತೀರ್ಮಾನ ಮಾಡಿದಿರಿ ಎಂದು ಕೇಳುತ್ತಿರುವುದು ಅವಳಿಗೂ ಕೇಳಿಸಿತು.

"ಎಲ್ಲ ಶನಿವಾರ ಕೊಡೋಕಾಗಲ್ಲಪ್ಪ," ಅಂದರು ಸುಬ್ರಮಣಿ. "ತಿಂಗಳಿಗೊಂದು ನಮಗೆ ಬೇಕು. ನಮ್ಮ ಮನೇಲಿ ಫಂಕ್ಷನ್ ಇರುತ್ತೆ." ಆ ಕಡೆಯವರು ಇನ್ನೇನೋ ಕೇಳಿದರು. ಅವರು, ಅದೆಲ್ಲ ಆಮೇಲೆ ಮಾತಾಡೋಣ, ಈಗ ನೆಂಟರಿದ್ದಾರೆ ಎಂದು ಹೇಳಿ, ಸಾಕು ತೆಗೀಮ್ಮ ಎಂದು ಕೋಮಲಾಗೆ ತಲೆಯಾಡಿಸಿದರು.