ಒಳಮಡಿಕೆ

ಪರದೆಯ ಅಂಚಿನ ಹೊಲಿಗೆ ಸೊಟ್ಟ, ಯಾವ ಪುಣ್ಯಾತ್ಮರು ಹೊಲಿದರೋ, ಬಟ್ಟೆ ಒಂದು ಕಡೆ ಓಡಿದರೆ ದಾರ ಇನ್ನೊಂದು ಕಡೆ ಓಡಿದೆ, ಆಪರೇಷನ್ ಕೋಣೆಯ ಹಸಿರು ಪರದೆ, ಅವಳ ಎದೆಯ ಮೇಲೆ ಅಡ್ಡ ಕಟ್ಟಿದ್ದಾರೆ, ಆಚೆ ಇರುವುದು ಅವಳದೇ ಹೊಟ್ಟೆ, ಆದರೆ ಅವಳದು ಅನ್ನಲು ಗುರುತೊಂದೂ ಇಲ್ಲ, ಸೊಂಟದಿಂದ ಕೆಳಗೆಲ್ಲ ಮರಗಟ್ಟಿದೆ, ಬೆನ್ನಿಗೆ ಸೂಜಿ ಚುಚ್ಚಿದ ಡಾಕ್ಟರು ಕಾಲು ಎತ್ತಿ ನೋಡೋಣಮ್ಮ ಅಂದರು, ಎತ್ತಿದಳು, ಕಾಲು ಏಳಲಿಲ್ಲ, ಗುಡ್ ಅಂದರು — ಏಳದಿದ್ದರೆ ಗುಡ್ ಅನ್ನುವ ಜಾಗ ಲೋಕದಲ್ಲಿ ಇದೊಂದೇ ಇರಬೇಕು. ಸೊಂಟದ ಮೇಲೂ ಹೀಗೇ ಇದೆ, ಅದನ್ನು ಅವರು ಕೇಳಲಿಲ್ಲ, ಪಿಟೀಲು ಹೋದ ದಿನದಿಂದ ಹೀಗೇ. ಪಿಟೀಲು ಅಂದರೆ ಮಗಳು, ಹುಟ್ಟಿದ ಕೂಡಲೇ ಎಳೆದ ರಾಗ ಕೇಳಿ ಅವಳಪ್ಪ ಇಟ್ಟ ಹೆಸರು, ಶಾಲೆಯ ಹಾಜರಿಗೆ ಬೇರೆ ಹೆಸರಿತ್ತು, ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ. ಪಿಟೀಲು ಹುಟ್ಟಿದ ಆವತ್ತೂ ಇಂಥದೇ ಪರದೆ, ಹೊಟ್ಟೆ ಕೊಯ್ದೇ ಮಗುವನ್ನು ತೆಗೆದರು, ಹೇಗೂ ತೆರೆದಿದೆ, ಹೇಳಿದ್ರಲ್ಲ, ಇನ್ನು ಮಕ್ಕಳಾಗದ ಹಾಗೆ ನಾಳ ಕಟ್ಟಿಬಿಡ್ಲಾ ಅಂದರು ಡಾಕ್ಟರು, ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು, ಒಂದೇ ಸಾಕು ಕಣೆ, ಚೆನ್ನಾಗಿ ಸಾಕೋಣ, ಸಾಕು ಸಾಕು ಅಂತ ತನ್ನ ಮಾತಿಗೆ ತಾನೇ ನಕ್ಕಿದ್ದ ಅವನು, ಕಟ್ಟಿಬಿಡಿ ಅಂದಳು, ಅವಳ ಹೊಲಿಗೆ ಅಂಗಡಿಯಲ್ಲಿ ತೋಳು ಕುಗ್ಗಿಸಿಬಿಡಿ ಅನ್ನುತ್ತಾರಲ್ಲ ಗಿರಾಕಿಗಳು, ಅಷ್ಟು ಸಲೀಸಾಗಿ. ಈಗ ಕಟ್ಟಿದ ಕಡೆ ಕತ್ತರಿಸಿ ಎರಡು ತುದಿ ಕೂಡಿಸುವುದು, ಟೈಲರಮ್ಮಾ, ನಿಮ್ಮ ಕೆಲಸಾನೇ ಕಣ್ರೀ ನಾನು ಮಾಡ್ತಿರೋದು, ದಾರ ಮಾತ್ರ ಕೂದಲಿಗಿಂತ ಸಣ್ಣ, ಪರದೆಯಾಚೆಯಿಂದ ಡಾಕ್ಟರಮ್ಮ ಅನ್ನುತ್ತಾರೆ, ಇವಳು ಹೂಂ ಅನ್ನುತ್ತಾಳೆ. ಹೂಂ ಅನ್ನುವುದು ರೂಢಿಯಾಗಿದೆ, ಇನ್ನೂ ವಯಸ್ಸಿದೆ ಕಣಮ್ಮ ಅಂತ ಅತ್ತೆ ಅಂದಾಗ ಹೂಂ, ಹೋದವಳೇ ತಿರುಗಿ ಬರ್ತಾಳೆ ನೋಡ್ತಿರು ಅಂದಾಗಲೂ ಹೂಂ, ಗಂಡ ಕಲಸಿದ ಅನ್ನ ಬಾಯಿಗಿಡದೆ ತಟ್ಟೆ ನೋಡುತ್ತಾ ಒಂದು ಸಲ ಪ್ರಯತ್ನಪಡೋಣ ಕಣೆ ಅಂದಾಗಲೂ ಹೂಂ — ನಿನಗೆ ಬೇಕೇನೇ ಅಂತ ತನ್ನನ್ನೇ ಕೇಳಿಕೊಂಡರೆ ಮಾತ್ರ ಅಲ್ಲಿ ಹೂಂ ಇಲ್ಲ, ಊಹೂಂ ಕೂಡ ಇಲ್ಲ. ಬೇಕಾಗಿರುವುದು ಇನ್ನೊಂದು ಮಗು ಅಲ್ಲ, ಪಿಟೀಲು. ಇಷ್ಟು ಜನ ಓಡಾಡಿ ಆಸ್ಪತ್ರೆಗೆ ಸೇರಿಸಿದ ಮೇಲೆ ಅದನ್ನು ಯಾವ ಬಾಯಲ್ಲಿ ಹೇಳುವುದು.

ಕತ್ತರಿಯ ಸದ್ದು ಕೇಳಿಸುತ್ತದೆ, ಸಣ್ಣ ಕತ್ತರಿ, ಒಳ್ಳೆ ಹರಿತ, ನೋವಿಲ್ಲ, ಯಾರೋ ಆಚೆ ಮನೆಯಲ್ಲಿ ಬಟ್ಟೆ ಕತ್ತರಿಸುತ್ತಿರುವ ಹಾಗೆ, ಆ ಲಂಗ ಎತ್ತಿಡೇ ಮುಂದಿನ ಮಗೂಗೆ ಆಗುತ್ತೆ, ಅಂದಿದ್ದರು ಅತ್ತೆ, ಹೂಂ ಅಂದಿದ್ದಳು, ಪಿಟೀಲಿನ ಶಾಲೆಯ ನೀಲಿ ಲಂಗ, ಬೆಳೆಯುವ ಹುಡುಗಿ ಅಂತ ಕೆಳಗೆ ಅಂಗೈಯಗಲ ಒಳಮಡಿಕೆ ಕೊಟ್ಟು ಹೊಲಿದದ್ದು, ಉದ್ದ ಆದ ಹಾಗೆ ಬಿಚ್ಚಿ ಇಳಿಸಿದರಾಯಿತು, ಪಿಟೀಲು ದಿನಾ ಬೆಳಿಗ್ಗೆ ಹೊಲಿಗೆ ಮಿಷನ್ ಪಕ್ಕ ನೆಟ್ಟಗೆ ನಿಲ್ಲುತ್ತಾಳೆ, ಅಮ್ಮಾ ಬಿಚ್ಚೋ ಹಾಗೆ ಆದ್ನಾ, ಇನ್ನೂ ಇಲ್ಲ ಕಣೆ, ಸರಿಯಾಗಿ ನೋಡಮ್ಮ, ಹಿಮ್ಮಡಿ ಇಳಿಸು ಕಳ್ಳಿ, ಇಳಿಸಿ ಮುಖ ಊದಿಸಿಕೊಂಡು ಹೊರಡುತ್ತಾಳೆ, ಆಮೇಲೆ ಒಂದು ದಿನ ಜ್ವರ, ಅದು ಇಳಿಯಲೇ ಇಲ್ಲ. ಎತ್ತಿಡಲು ಹೋದವಳು ಲಂಗ ಮಡಿಲಲ್ಲಿಟ್ಟುಕೊಂಡು ಮಡಿಕೆ ಬಿಚ್ಚಿದಳು, ಯಾಕೆ ಅಂತ ಗೊತ್ತಿಲ್ಲ, ಮೇಲೆಲ್ಲ ಒಗೆದೂ ಒಗೆದೂ ಬೂದಿ ಬಣ್ಣಕ್ಕೆ ತಿರುಗಿತ್ತು, ಒಳಗಿನದು ಅಂಗಡಿಯ ಬಟ್ಟೆ ಥಾನಿನಿಂದ ಈಗ ತಾನೇ ಹರಿದು ತಂದ ಹಾಗಿತ್ತು, ನಡುವೆ ಸೂಜಿಯ ತೂತುಗಳ ಸಾಲು, ಅದೇ ತೂತುಗಳಲ್ಲಿ ಸೂಜಿ ಹಾಕಿ ಮೊದಲಿದ್ದ ಹಾಗೇ ಮಡಚಿ ಹೊಲಿದಿಟ್ಟಳು, ಅಳಲಿಲ್ಲ, ಗಿರಾಕಿಯ ರವಿಕೆ ಕೈಗೆತ್ತಿಕೊಂಡಳು. ಬಣ್ಣ ಬಿಡಿ ಸಿಸ್ಟರ್, ಡಾಕ್ಟರಮ್ಮನ ದನಿ, ನಿನ್ನೆಯೇ ವಿವರಿಸಿದ್ದರು, ಕೂಡಿಸಿದ ಮೇಲೆ ಕೆಳಗಿನಿಂದ ಬಣ್ಣದ ನೀರು ಬಿಡ್ತೀವಿ, ನಾಳದ ಆ ತುದೀಲಿ ಹೊರಗೆ ಬಂದ್ರೆ ದಾರಿ ತೆರೆದಿದೆ ಅಂತ, ಬರದಿದ್ರೆ ಇಲ್ಲ, ಬಂತಾ, ಇನ್ನೂ ಇಲ್ಲ, ಸರಿಯಾಗಿ ನೋಡಿ, ಇನ್ನೂ ಇಲ್ಲ — ಇನ್ನೂ ಇಲ್ಲ ಕಣೆ, ಹಿಮ್ಮಡಿ ಇಳಿಸು, ಅವಳು ಪರದೆಯ ಸೊಟ್ಟ ಹೊಲಿಗೆಗಳನ್ನು ಎಣಿಸತೊಡಗುತ್ತಾಳೆ, ಬರಲಿ ಅಂತಲೋ ಬರದಿರಲಿ ಅಂತಲೋ, ಬಂತು ಡಾಕ್ಟ್ರೇ, ಬಂತು, ಎಡಗಡೇನೂ ಬಂತು, ನೋಡಿ ಎಷ್ಟು ಚೆನ್ನಾಗಿ ಬರ್ತಿದೆ ನೀಲಿ. ನೀಲಿ ಅಂತ ನಿನ್ನೆ ಹೇಳಿರಲಿಲ್ಲ. ಕಣ್ಣಂಚಿನಿಂದ ಕಿವಿಯೊಳಗೆ ಏನೋ ಬಿಸಿಯಾಗಿ ಇಳಿಯುತ್ತಿದೆ, ತಲೆಯ ಬಳಿ ನಿಂತ ಇನ್ನೊಬ್ಬ ಸಿಸ್ಟರ್ ಹತ್ತಿಯಿಂದ ಒರೆಸುತ್ತಾರೆ, ಟೈಲರಮ್ಮಾ ದಾರಿ ತೆರೀತು, ಖುಷೀನಾ, ಹೂಂ ಅನ್ನಬೇಕು, ಬಾಯಿ ತೆರೆಯುತ್ತಾಳೆ, ಹೂಂ ಬರುವುದಿಲ್ಲ, ನೀಲಿ, ಬಿಸಿಲು ಕಾಣದ್ದು, ಒಗೆತ ಕಾಣದ್ದು, ಅಂಗೈಯಗಲ, ಅಮ್ಮಾ ಬಿಚ್ಚೋ ಹಾಗೆ ಆದ್ನಾ, ಮಡಿಕೆಯೊಳಗೆ ಹಾಗೇ ಇರುವ ನೀಲಿ