ಔರಾದದ ಭರ್ಚಿ ಬಿಲ್ಲೆ

ಬೀದರಿನ ಚಿದ್ರಿಯಲ್ಲಿ ಚಷ್ಮಾದ ಅಂಗಡಿ ಇಟ್ಟಿದ್ದ ಕುತುಬೋದ್ದೀನರಿಗೂ ಭಾಲ್ಕಿಯ ಬಟ್ಟೆ ವ್ಯಾಪಾರಿ ಶಿವರಾಜಪ್ಪನವರಿಗೂ ಗೆಳೆತನ ಬೆಳೆದದ್ದು ಸಿಪಾಯಿಗಳ ಹಳೆಯ ಫೌಜಿ ಟೋಪಿಗಳ ಬಿಲ್ಲೆಗಳಿಂದ. ಭಾನುವಾರ ಬಂತೆಂದರೆ ಇಬ್ಬರೂ ಒಂದೇ ಗಾಡಿಯ ಮೇಲೆ ಹಳ್ಳಿ ಸುತ್ತುತ್ತಿದ್ದರು. ಬಿಲ್ಲೆ ಸಿಕ್ಕರೆ ಕುತುಬೋದ್ದೀನರು ಮೊದಲು ಅದರ ಬೆನ್ನು ನೋಡುತ್ತಿದ್ದರು. ಅಚ್ಚೊತ್ತಿದ ಅಸಲಿಯಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿಯ ಬೆನ್ನು ಬಹಳ ಸಲ ಸಪಾಟು, ಮೈಮೇಲೆ ಸೂಜಿಮೊನೆಯಂಥ ತೂತುಗಳು.

ಒಮ್ಮೆ ಔರಾದದ ಒಂದು ಮನೆಯಲ್ಲಿ ನಿಜಾಮರ ಕಾಲದ ಕುದುರೆ ಪಡೆಯ ಬಿಲ್ಲೆ ಸಿಕ್ಕಿತು. ಅಡ್ಡಲಾಗಿ ಕೂಡಿದ ಈಟಿಯಂಥ ಎರಡು ಭರ್ಚಿ, ಎಡಗಡೆಯದರ ತುದಿ ಮುಕ್ಕು. ಇಬ್ಬರಿಗೂ ಅದರ ಮೇಲೆ ಆಸೆ.

"ನೀವೇ ಇಟ್ಕೋರಿ ಭಾಯಿ. ಕಟ್ಟು ಹಾಕ್ಸಿ ಕೊಡ್ತೇನಿ," ಎಂದ ಶಿವರಾಜಪ್ಪ, ವಾರದೊಳಗೆ ಅದನ್ನು ಗಾಜಿನ ಕಟ್ಟಿನಲ್ಲಿ ಅಂಟಿಸಿ ತಂದುಕೊಟ್ಟರು. ಗೆಳೆಯ ಕೊಟ್ಟದ್ದರ ಬೆನ್ನು ನೋಡಬೇಕೆಂದು ಕುತುಬೋದ್ದೀನರಿಗೆ ಹೊಳೆಯಲೇ ಇಲ್ಲ. ಅವರ ಕಣ್ಣು ತುಂಬಿ ಬಂತು. ಬದಲಿಗೆ ತಮ್ಮ ಅಜ್ಜ ಫೌಜಿನಲ್ಲಿ ತೊಟ್ಟಿದ್ದ ಬಿಲ್ಲೆಯನ್ನೇ ತಂದು ಶಿವರಾಜಪ್ಪನವರ ಕೈಗಿಟ್ಟರು.

ಈ ವರ್ಷ ಶಿವರಾಜಪ್ಪ ತೀರಿಕೊಂಡರು. ಕೆಲವು ದಿನ ಬಿಟ್ಟು ಅವರ ಹೆಂಡತಿ ಅನುಸೂಯಾಬಾಯಿ ಫೋನ್ ಮಾಡಿದರು.

"ಭಾಯಿಸಾಬ, ಹೈದರಾಬಾದದವ್ರು ಒಬ್ರು ಇವ್ರ ಬಿಲ್ಲಿ ಖರೀದಿಗೆ ಕೇಳ್ಲಿಕತ್ತಾರ. ಖರೇವು ಯಾವು, ಸುಳ್ಳು ಯಾವು, ನೀವೇ ಬಂದು ನೋಡಿ ಹೇಳ್ರಿ."

ಕುತುಬೋದ್ದೀನರು ಭಾಲ್ಕಿಗೆ ಹೋದರು. ಡಬ್ಬಿಯ ತಳದಲ್ಲಿ ಅರಿವೆ ಸುತ್ತಿಟ್ಟ ಒಂದು ಬಿಲ್ಲೆಯಿತ್ತು. ಎರಡು ಭರ್ಚಿ, ಎಡಗಡೆಯ ತುದಿಗೆ ಅದೇ ಮುಕ್ಕು. ತಿರುಗಿಸಿದರೆ ಬೆನ್ನಿನಲ್ಲಿ ಭರ್ಚಿಗಳ ತಗ್ಗು ಸ್ಪಷ್ಟವಾಗಿತ್ತು. ಅಸಲಿ. ಹಾಗಾದರೆ ಇದರ ಮೇಲೆ ಅಚ್ಚು ತೆಗೆದು ಎರಕ ಹೊಯ್ಸಿದ್ದೇ ತಮ್ಮ ಮನೆಯ ಗೋಡೆಯ ಮೇಲಿದೆ. ಇಷ್ಟು ವರ್ಷ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದು ಅದನ್ನೇ.

ಅವರು ಬಿಲ್ಲೆಯನ್ನು ಕೆಳಗಿಟ್ಟರು. "ನಮ್ಮ ಅಜ್ಜಂದು ಒಂದು ಬಿಲ್ಲಿ ಕೊಟ್ಟಿದ್ದೆ. ಅದು ಎಲ್ಲದ, ಬಾಯಿ?"

"ಅದಾ? ಅದು ನೀವು ಕೊಟ್ಟ ವರ್ಷನೇ ಮಾರಿದ್ರಲ್ರಿ, ಪುಣೇದವ್ರಿಗೆ ಯಾರಿಗೋ. ನಿಮಗ ಹೇಳಿರ್ಲಿಲ್ಲೇನ್ರಿ?"

"ಇಲ್ಲ."

"ಯಾಕ್ರಿ, ನಿಮ್ಮ ಮಾರಿ ಹಿಂಗ್ಯಾಕ ಬಾಡ್ತು?"

"ಈ ಭರ್ಚಿ ಬಿಲ್ಲಿ ನನಗ ಕೊಟ್ಟೇನಂದಿದ್ರು. ನಕಲಿ ಮಾಡ್ಸಿ ಕೊಟ್ಟಾರ."

ಅನುಸೂಯಾಬಾಯಿ ಬಿಲ್ಲೆಯನ್ನು ಅವರತ್ತ ಸರಿಸಿದರು. "ಹಂಗಿದ್ರ ಇದು ನೀವೇ ಒಯ್ರಿ." ಬೆರಳು ಮಾತ್ರ ಇನ್ನೂ ಅದರ ಮೇಲೆಯೇ ಇತ್ತು.

"ಬ್ಯಾಡ್ರಿ. ಇದು ಖರೇದು. ಹೈದರಾಬಾದದವ್ರಿಗೂ ಹಂಗೇ ಹೇಳ್ರಿ."

ಆಕೆ ಥಟ್ಟನೆ ಅದನ್ನು ಡಬ್ಬಿಗೆ ಹಾಕಿದರು. "ನಿಮ್ಮಂಥ ದೊಡ್ಡ ಮನಸು ಯಾರಿಗದರಿ!"

ಕುತುಬೋದ್ದೀನರಲ್ಲಿ ಆ ಹೊತ್ತು ಯಾವ ದೊಡ್ಡ ಮನಸ್ಸೂ ಇರಲಿಲ್ಲ. ಅದನ್ನು ಮತ್ತೆ ಮುಟ್ಟಲು ಹೇಸಿಗೆಯಾಗಿತ್ತು, ಅಷ್ಟೇ. ಶಿವರಾಜಪ್ಪ ಬದುಕಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಈಗ ಯಾರನ್ನು ಕೇಳುವುದು? ಉಳಿದ ಬಿಲ್ಲೆಗಳಲ್ಲಿ ಅಸಲಿ, ನಕಲಿ ಬೇರೆ ಮಾಡಿಟ್ಟು, ಚಹಾ ಕುಡಿಯದೆ ಎದ್ದರು.

ಮುಂದಿನ ವಾರ ಹುಮನಾಬಾದದಿಂದ ಯಾರೋ ಅಂಗಡಿಗೆ ಫೋನ್ ಮಾಡಿದರು. "ಫೌಜಿ ಟೋಪಿ ಬಿಲ್ಲಿ ಒಂದು ಸಿಕ್ಕದರಿ. ಖರೇದೋ ಸುಳ್ಳೋ, ನೋಡಿ ಹೇಳ್ತೀರೇನ್ರಿ?"

"ನನಗ ಅದೆಲ್ಲ ತಿಳಿಯಂಗಿಲ್ರಿ," ಎಂದು ಕುತುಬೋದ್ದೀನರು ಫೋನ್ ಇಟ್ಟರು.